ಚಪ್ಪಲಿ ಟ್ರೇಯಲ್ಲಿ ಸಾಲಿಗ್ರಾಮ

ಅಟ್ಲಾಂಟಾ ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ. ಬೋರ್ಡಿಂಗ್ ಆಗಲೇ ಶುರುವಾಗಿತ್ತು. ನನ್ನ ಜೊತೆ ಭಾರತಕ್ಕೆ ಮರಳುತ್ತಿದ್ದ ಮಾವನವರು ಮುಂದೆ ನಿಂತಿದ್ದರು, ಅವರ ಕೈಯಲ್ಲಿ ಸಾಲಿಗ್ರಾಮದ ಸಂಪುಟ. ನಿತ್ಯಪೂಜೆ ತಪ್ಪಬಾರದೆಂದು ಅವರು ಅದನ್ನು ಎಲ್ಲಿಗೆ ಹೋದರೂ ಒಯ್ಯುತ್ತಾರೆ.

ತಪಾಸಣೆಯ ಹುಡುಗಿ ಟ್ರೇ ತೋರಿಸಿದಳು. ಮಾವ ಕದಲಲಿಲ್ಲ.

“ಚಪ್ಪಲಿ ಇಡೋ ಟ್ರೇನಲ್ಲಿ ಅವನನ್ನ ಇಡೋದಾ?”

“ಮಾವ, ಪ್ಲೀಸ್! ಇವತ್ತು ಫ್ಲೈಟ್ ಮಿಸ್ ಆದ್ರೆ ನಿಮ್ಮ ಸ್ಟೇ ಎಕ್ಸ್‌ಪೈರ್ ಆಗುತ್ತೆ. ಆಮೇಲೆ ವೀಸಾನೇ ಕೊಡಲ್ಲ.”

“ಕೊಡದಿದ್ರೆ ಬೇಡ ಬಿಡಮ್ಮ. ಅವನ ಸೇವೆಗೇ ಅಲ್ವಾ ನಾನು ಬದುಕಿರೋದು?”

ಹಿಂದಿನವರು ಗೊಣಗತೊಡಗಿದರು. ಗಾರ್ಡನ್ನು ಕರೆಸುತ್ತಾಳೇನೋ ಎಂದುಕೊಂಡೆ. ಆದರೆ ಆ ಹುಡುಗಿ, ಏನು ಅರ್ಥವಾಯಿತೋ, ಕೈಗವಸು ಬದಲಿಸಿ ಬೇರೊಂದು ಟ್ರೇಯನ್ನು ಚೆನ್ನಾಗಿ ಒರೆಸಿ ಮುಂದಿಟ್ಟಳು. ಮಾವ ಹೆಗಲ ಮೇಲಿನ ಶಲ್ಯವನ್ನು ಅದರಲ್ಲಿ ಹಾಸಿ ಸಂಪುಟವಿಟ್ಟರು.

ನಾನು ಆಚೆ ದಾಟುವಷ್ಟರಲ್ಲಿ ಮಾವ ಸಂಪುಟವನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಗೇಟಿನತ್ತ ನಡೆದಿದ್ದರು. ಬೆಲ್ಟಿನ ಮೇಲೆ ಅವರ ಚಪ್ಪಲಿಯ ಜೊತೆ ಪಾಸ್‌ಪೋರ್ಟೂ ಬಿದ್ದಿತ್ತು.