ನಾನು ಹೇಳದೆ ಬಿಟ್ಟ ಪುಟ

ಜರ್ಮನಿಯ ಡಾರ್ಮ್‌ಸ್ಟಾಟ್‌ನ ಕನ್ನಡದವರ ನಡುವೆ ನನ್ನ ಜರ್ಮನ್ನಿಗೆ ಒಳ್ಳೆಯ ಹೆಸರಿತ್ತು. ಅದರ ಜಂಬವೂ ನನಗಿತ್ತು. ಹಾಗಾಗಿ ಪಕ್ಕದ ಮನೆಯ ಹುಡುಗ, ತಾನು ಮದುವೆಯಾಗಲಿರುವ, ಹುಬ್ಬಳ್ಳಿಯಿಂದ ಬಂದ ಹುಡುಗಿಗೆ ಕನ್ನಡದಲ್ಲಿ ತಿಳಿಸಿ ಹೇಳಲು ನೋಟರಿ ಕಚೇರಿಗೆ ಬರುತ್ತೀರಾ ಎಂದಾಗ ಕೂಡಲೇ ಒಪ್ಪಿದೆ. ಅವನದೊಂದು ಕಂಪನಿಯಿತ್ತು. ಮದುವೆಗೆ ಮುಂಚೆ ಗಂಡು ಹೆಣ್ಣಿನ ನಡುವೆ ಆಸ್ತಿಯ ಕರಾರು ಆಗಲೇಬೇಕೆಂದು ಪಾಲುದಾರರು ಪಟ್ಟು ಹಿಡಿದಿದ್ದರಂತೆ. ಮದುವೆಗೆ ನಾಲ್ಕೇ ದಿನ ಉಳಿದಿತ್ತು.

ಇಲ್ಲಿಯ ನೋಟರಿ ಬರೀ ಮುದ್ರೆ ಒತ್ತಿ ಕಳಿಸುವವರಲ್ಲ. ಇಡೀ ಕರಾರನ್ನು ಗಟ್ಟಿಯಾಗಿ ಓದುತ್ತಾರೆ, ಭಾಷೆ ಬಾರದವರಿಗೆ ಯಾರಾದರೂ ಅದನ್ನು ತಿಳಿಸಿ ಹೇಳಲೇಬೇಕು. ಕಂಪನಿ ಅವನದು, ಅದರಲ್ಲಿ ನಿನಗೆ ಪಾಲಿಲ್ಲ ಎಂದೆ. ಹುಡುಗಿ ತಲೆಯಾಡಿಸಿದಳು. ಆಮೇಲೆ ವಿಚ್ಛೇದನದ ಪುಟ ಬಂತು. ಬೇರೆಯಾದರೆ ಅವಳಿಗೆ ಜೀವನಾಂಶವಿಲ್ಲ, ಮಗುವಿದ್ದರೂ ಇಲ್ಲ. ಅವಳ ಕೈಯ ಹಸಿರು ಬಳೆ ನೋಡಿದೆ. ಮದುಮಗಳ ಮುಂದೆ ಇಂಥ ಮಾತು ನನ್ನ ಬಾಯಿಂದ ಬರುವುದೇ? ಅಶುಭ ನುಡಿದರೆ "ಬಿಡ್ತು ಅನ್ನು" ಎಂದು ಗದರುವ ಮನೆಯಲ್ಲಿ ಬೆಳೆದವಳು ನಾನು. "ಮುಂದೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂತ ಬರೆದಿದ್ದಾರಮ್ಮ, ಎಲ್ಲರಿಗೂ ಬರೀತಾರೆ" ಎಂದು ಮುಗಿಸಿಬಿಟ್ಟೆ.

"ಆತ್ರಿ ಅಕ್ಕಾರ, ನೀವು ಹೇಳಿದ ಮ್ಯಾಲ ಇನ್ನೇನೈತ್ರಿ" ಎಂದು ಸಹಿ ಹಾಕಿದಳು. ಎಲ್ಲವನ್ನೂ ತಿಳಿಸಿ ಹೇಳಿದ್ದೇನೆ ಎಂಬ ಸಾಲಿನ ಕೆಳಗೆ ನಾನೂ ಹಾಕಿದೆ.

ಆರು ವರ್ಷದ ಮೇಲೆ ಅವರು ಬೇರೆಯಾದರು. ಅವಳಿಗೆ ಕೆಲಸವಿರಲಿಲ್ಲ, ಪುಟ್ಟ ಮಗಳಿದ್ದಳು. ಅರ್ಥವಾಗದೆ ಸಹಿ ಹಾಕಿದ ಕರಾರು ಸಲ್ಲದೆಂದು ಅವಳು ಕೋರ್ಟಿಗೆ ಹೋದಳು. ನನ್ನನ್ನು ಸಾಕ್ಷಿಗೆ ಕರೆದರು. ಹಿಂದಿನ ದಿನ ಹುಡುಗ ಫೋನ್ ಮಾಡಿ, "ಎಲ್ಲಾ ಹೇಳಿದ್ದೆ ಅಂದುಬಿಡಿ ಮೇಡಂ, ನಿಮ್ಮ ಸಹಿನೂ ಇದೆಯಲ್ಲ" ಎಂದ. ಸಿಕ್ಕಿಬೀಳುವ ಭಯಕ್ಕೆ ಹೂಂ ಎಂದುಬಿಟ್ಟೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ನ್ಯಾಯಾಧೀಶೆ ಆ ಪುಟ ತೋರಿಸಿ, ಇದನ್ನು ಹೇಳಿದಿರಾ ಎಂದರು. ಹುಡುಗಿ ನನ್ನ ಕಡೆ ನೋಡಲೂ ಇಲ್ಲ. "ಇಲ್ಲ" ಎಂದೆ. ಏಕೆ ಎಂದರು. ಮದುವೆಯ ಹೊತ್ತಿನಲ್ಲಿ ಅಶುಭ ನುಡಿಯಬಾರದೆಂದು ಬಿಟ್ಟೆ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿಲ್ಲ.

ಕಂಪನಿಯ ಮಟ್ಟಿಗೆ ಕರಾರು ಉಳಿಯಿತು. ಜೀವನಾಂಶದ ಪುಟ ಬಿದ್ದುಹೋಯಿತು. ಎಲ್ಲ ಹೊರೆಯನ್ನೂ ಒಬ್ಬಳ ಮೇಲೇ ಹೊರಿಸಿ, ಯೋಚಿಸಲು ಸಮಯ ಕೊಡದೆ, ಅರ್ಥವನ್ನೂ ತಿಳಿಸದೆ ಹಾಕಿಸಿದ ಸಹಿ ನಿಲ್ಲುವುದಿಲ್ಲ ಎಂದರು ನ್ಯಾಯಾಧೀಶೆ.

ಹೊರಗೆ ಟ್ರ್ಯಾಮ್ ನಿಲ್ದಾಣದಲ್ಲಿ ಅವಳ ಪಕ್ಕ ನಿಂತು, "ಕೊನೆಗೂ ಒಳ್ಳೇದಾಯ್ತಲ್ಲಮ್ಮಾ" ಎಂದೆ.

ಅವಳಿಗೆ ಸಿಟ್ಟಿರಲಿಲ್ಲ. "ಆ ಮಾತು ಅವತ್ತ ಹೇಳಿದ್ರ, ನಾ ಈ ಲಗ್ನಾನ ಆಗ್ತಿದ್ದಿಲ್ರಿ ಅಕ್ಕಾರ" ಎಂದಳು.