ಮಾತಾಡುವ ರುಂಡದ ಮನೆಗೆ

ಅರಸೀಕೆರೆಯ ತಂಗಿಯ ಮನೆಯಲ್ಲಿ ಒಂದು ರಾತ್ರಿ ಟಿವಿ ನೋಡದೆ ಮಲಗಿದ್ದರೆ ನಾನು ಈ ಪ್ರಯಾಣ ಮಾಡುತ್ತಿರಲಿಲ್ಲ. ಡೇರೆಯ ಆಟಗಳನ್ನು ಕುರಿತ ಭಯಾನಕ ಧಾರಾವಾಹಿಯದು. ಮೇಜಿನ ಮೇಲೆ ಮೈಯಿಲ್ಲದ ತಲೆಯೊಂದು ಮಾತಾಡುತ್ತಿತ್ತು. ಅಂಥದ್ದನ್ನು ನಾನು ಹತ್ತನೆಯ ವಯಸ್ಸಿನಲ್ಲಿ ಬಾಣಾವರದ ಸಂತೆಯ ಡೇರೆಯೊಂದರಲ್ಲಿ ಕಂಡಿದ್ದೆ. ಮೇಜಿನ ಕಾಲುಗಳ ನಡುವೆ ಓರೆಯಾಗಿ ಕನ್ನಡಿ, ಅದರ ಹಿಂದೆ ಹುಡುಗಿಯ ಮೈ. ಇದು ಮುಂದೆ ಸ್ವಂತವಾಗಿ ಓದಿ ತಿಳಿದದ್ದು. ಅಂದು ಮೋಸವನ್ನು ಬಯಲಿಗೆಳೆಯಲು ಮೇಜಿನಡಿಗೆ ಕಲ್ಲು ಬೀಸಿದ್ದೆ. ಗಾಜು ಒಡೆಯಿತು, ಯಾರೋ ಚೀರಿದರು, ನಾನು ಓಡಿದೆ. ಹುಡುಗಿ ರಕ್ತ ಸೋರಿ ಸತ್ತಳೆಂದು ಊರೆಲ್ಲ ಹೇಳಿತು. ಎಷ್ಟೋ ಐತಿಹ್ಯಗಳನ್ನು ಅಲ್ಲಗಳೆದ ನನಗೆ ಇದೊಂದನ್ನು ಪರೀಕ್ಷಿಸುವ ಧೈರ್ಯ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಬಾಣಾವರ ತಲುಪಿದೆ. ಆ ಡೇರೆಗೆ ಪರದೆ ಹೊಲಿದಿದ್ದ ದರ್ಜಿ ಇನ್ನೂ ಮಿಷನ್ನಿನ ಮುಂದೆಯೇ ಇದ್ದರು.

"ಸತ್ಳು ಅಂತ ಹಬ್ಸಿದ್ದೇ ಡೇರೆ ಯಜಮಾನ ಕಣ್ರೀ. ಮುಂದ್ಲೂರಲ್ಲಿ ಬೇರೆ ಹುಡ್ಗೀನ ಕೂರ್ಸಿ, ಸತ್ತೋಳ ತಲೆ ಬಂದೈತೆ ಅಂತ ಜನ ಸೇರಿಸ್ದ. ಆ ಹುಡ್ಗಿ ಗೌರಮ್ಮ ಬೇಲೂರಲ್ಲಿ ಗಟ್ಟಿಮುಟ್ಟಾಗವ್ಳೆ. ನೀವ್ಯಾಕ್ರೀ ಹಿಂಗೆ ಬೆವರ್ತೀರಿ?"

ಹಳೇಬೀಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿ ಕಾಯುವಾಗ ದೇವಾಲಯದ ಅಂಗಳದಲ್ಲಿ ತಲೆಯಿಲ್ಲದ ವಿಗ್ರಹವೊಂದನ್ನು ತೋರಿಸಿ ಗೈಡೊಬ್ಬ, "ಅಮಾಸೆ ದಿನ ಈಯಮ್ಮ ತಲೆ ಹುಡುಕ್ತಾಳೆ ಸಾರ್" ಎಂದ.

"ನೀವು ಕಂಡಿದ್ದೀರಾ?"

"ನಮ್ಮಜ್ಜ ಕಂಡಿದ್ರು."

"ಅಜ್ಜ ಕಂಡದ್ದಕ್ಕೆ ಸಾಕ್ಷಿ ಯಾರು?"

"ನಿಮ್ಮಂಥೋರು ದಿನಾ ಬಂದ್ರೆ ನಮ್ ಹೊಟ್ಟೆಪಾಡು ಅಷ್ಟೇಯ" ಎಂದು ನಕ್ಕು ಹೋದ. ನಾನು ಆ ಖಾಲಿ ಕತ್ತನ್ನು ಬಹಳ ಹೊತ್ತು ನೋಡಲಾರದೆ ಹೋದೆ.

ಬೇಲೂರು ಅಲ್ಲಿಂದ ಹದಿನಾರು ಕಿಲೋಮೀಟರ್. ದರ್ಜಿ ಹೇಳಿದ ಬೀದಿಯಲ್ಲಿ ನಡುಹಗಲ ಬಿಸಿಲು. ಒಂದು ನಾಯಿಯೂ ಇರಲಿಲ್ಲ. ಕೊನೆಯ ಮನೆಯ ಮೋಟುಗೋಡೆಯ ಮೇಲೆ ಮುದಿ ತಲೆಯೊಂದು ಮಾತ್ರ ಕಾಣುತ್ತಿತ್ತು. ಅದು ರೆಪ್ಪೆ ಬಡಿಯಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಮಾತಾಡಿತು.

"ಕಲ್ಲು ಹೊಡ್ದೋನು ನಾನೇ ಅನ್ನಕ್ಕೆ ಬಂದ್ರಾ? ನೀವು ನಾಲ್ಕನೆಯೋರು."

ಹೌದೆಂದು ತಲೆಯಾಡಿಸಿದೆ.

"ಯಾರೂ ಹೊಡೀಲಿಲ್ಲ ಕಣಪ್ಪ. ನಾನು ನಡೆಯೋದ ಕಂಡ್ರೆ ಆಟ ಕೆಡ್ತದೆ ಅಂತ ಊರೂರಿಗೂ ಟ್ರಂಕಲ್ಲಿ ಮಡಗಿ ಹೊರೋರು. ಅವತ್ತು ಕಾಲು ಜೋಮು ಹಿಡ್ದಿತ್ತು. ಕನ್ನಡೀನ ನಾನೇ ಒದ್ದೆ. ಎರಡು ದಿನ ನಡ್ದು ಇಲ್ಲಿಗೆ ಬಂದೆ."

"ನೀವು ಚೀರಿದ್ದು ಕೇಳಿಸಿತ್ತು."

"ನಾನೆಲ್ಲಿ ಚೀರ್ದೆ? ಚೀರಿದ್ದು ನೀವುಗಳು."

"ಕಲ್ಲು ನನ್ನ ಕೈಯಲ್ಲಿತ್ತಮ್ಮ!"

"ಇತ್ತೇನೋ. ಬಿಟ್ರಾ?"

ಬೀಸಿದ ತೋಳು ನೆನಪಿತ್ತು, ಒಡೆದ ಗಾಜು ನೆನಪಿತ್ತು; ಬೆರಳುಗಳಿಂದ ಕಲ್ಲು ಜಾರಿದ ಗಳಿಗೆಯನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ. ನೀರು ಕುಡಿದು ಹೋಗಿ ಎಂದರು ಗೌರಮ್ಮ. ನಾನು ನಿಲ್ಲಲಿಲ್ಲ.

ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಗೋಡೆಯ ಮೇಲೆ ತಲೆ ಹಾಗೆಯೇ ಇತ್ತು. ಅರಸೀಕೆರೆಯ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಚಾಚಿದಾಗ ಎಡಗೈ ಒಡ್ಡಿದೆ. ಬಲಗೈ ಮುಷ್ಟಿ ಬಿಗಿದಿತ್ತು. ತೆರೆದು ನೋಡಲು ಮನಸ್ಸು ಬರಲಿಲ್ಲ.