ಮಾಗಡಿ ಕೆರೆಯ ದಂಡೆಯಲ್ಲಿ ಎಳ್ಳಮಾವಾಸ್ಯೆಯ ಬುತ್ತಿ

ಎಳ್ಳಮಾವಾಸ್ಯೆಯ ದಿನ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿದ್ದರೆ, ನಾನು ಬುತ್ತಿ ಕಟ್ಟಿಕೊಂಡು ಬಾಗಲಕೋಟೆ ಸ್ಟೇಷನ್ನಿಗೆ ಹೋದೆ. ನಮ್ಮ ಹೊಲ ಅಣೆಕಟ್ಟಿನ ಹಿನ್ನೀರಿಗೆ ಹೋಗಿ ಎಷ್ಟೋ ವರ್ಷವಾಯಿತು. ವಿದ್ಯಾಗಿರಿಯಿಂದ ಕರೆತಂದ ಆಟೋದವನು, "ಹಬ್ಬದ ದಿನಾನೂ ಒಬ್ಬಾಕೇ ಎಲ್ಲಿಗ್ರಿ ಟೀಚರ?" ಎಂದ. "ಬಾತುಕೋಳಿ ನೋಡಾಕಪಾ" ಎಂದೆ. ಅವನು ನಕ್ಕ.

ನಗಲಿ ಬಿಡಿ. ನೋಡಬೇಕಾಗಿದ್ದವಳು ನಾನಲ್ಲ, ಇಳಕಲ್ಲಿನ ರಜಿಯಾ. ಹುನಗುಂದದ ಸಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಸೀರೆ ನೇಯುವ ಅವಳು ಪ್ರತಿ ಚಳಿಗಾಲವೂ, "ಮಾಗಡಿ ಕೆರಿಗೆ ಹಿಮಾಲಯ ದಾಟಿ ಹಕ್ಕಿ ಬರ್ತಾವಂತ, ಹೋಗೂಣು ನಡಿ" ಎನ್ನುತ್ತಿದ್ದಳು. ಬರುವ ವರ್ಷ ಹೋದರಾಯಿತು ಎಂದು ನಾನೇ ಮುಂದೂಡಿದೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣು ತಿಂದಿತು.

"ಈಗ ನೀನರ ಹೋಗಿ ಬಾ, ಗಂಗಾ," ಎಂದಿದ್ದಳು. "ಅವುಗಳ ದನಿ ಫೋನಿನ್ಯಾಗ ತುಂಬಕೊಂಡ ಬಾ. ತಲಿ ಮ್ಯಾಲೆ ಕರೀ ಪಟ್ಟಿ ಇರತೈತಂತ. ಎಷ್ಟ ಅದಾವ, ನೋಡಿ ಹೇಳು. ಮಂದಿ ಹೇಳಿದ್ದು ಬ್ಯಾಡ, ನೀ ಕಂಡದ್ದು ಹೇಳು. ಸೊಸಿ ಕೈಲೆ ಸೆರಗಿನ್ಯಾಗ ನೇಯಸ್ತೇನಿ."

ಗದಗಿಗೆ ಪ್ಯಾಸೆಂಜರ್ ಗಾಡಿಯ ಟಿಕೆಟ್ಟು ಐವತ್ತು ರೂಪಾಯಿಯೊಳಗೆ. ಬಾದಾಮಿಯಲ್ಲಿ ಬನಶಂಕರಿಗೆ ಹೋಗುವವರು ಇಳಿದರು, ಕಿಟಕಿಯ ಸೀಟು ಸಿಕ್ಕಿತು. ಹೊಳೆಆಲೂರು ದಾಟಿದ ಮೇಲೆ ಎರಡೂ ಕಡೆ ಕಡಲೆ, ಬಿಳಿಜೋಳ. ಹೊಲಹೊಲಕ್ಕೆ ಜನ ಬುತ್ತಿ ಹೊತ್ತು ಸಾಲಾಗಿ ನಡೆದಿದ್ದರು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಗದಗಿನಿಂದ ಶಿರಹಟ್ಟಿಗೆ ಬಸ್ಸು, ಹೆಂಗಸರಿಗೆ ಪುಕ್ಕಟೆ. ಅಲ್ಲಿಂದ ಟಂಟಂ ಆಟೋ.

ಕೆರೆಯ ಬಾಗಿಲಲ್ಲಿ ಹಕ್ಕಿಗಳ ಚಿತ್ರವಿದ್ದ ದೊಡ್ಡ ಫಲಕ. ಮನೆಯಲ್ಲಿ ಓದಿದರಾಯಿತು ಎಂದು ಒಂದು ಫೋಟೋ ಹೊಡೆದುಕೊಂಡು ಒಳಗೆ ನಡೆದೆ. ಏರಿಯ ಮೇಲೆ ನಿಂತರೆ, ಅಬ್ಬಾ! ದಂಡೆಗುಂಟ ಬೂದು ಬಿಳುಪಿನ ಹೆಬ್ಬಾತುಗಳ ಸಂತೆ, ಸಂತೆಯಷ್ಟೇ ಗದ್ದಲ. ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ಕಲ್ಲಿನ ಮೇಲಿಟ್ಟೆ. ದುರ್ಬೀನು ಚೀಲದಲ್ಲಿತ್ತು. ಹನ್ನೆರಡೂವರೆ ದಾಟಿತ್ತು, ಹಸಿವು. ಉಂಡು ನೋಡಿದರಾಯಿತು ಎಂದುಕೊಂಡೆ.

ಬುತ್ತಿ ಬಿಚ್ಚಿದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ಆ ವಾಸನೆ, ಆ ಬಿಸಿಲು, ಕಾಲ ಕೆಳಗೆ ಮಣ್ಣು. ಎಳ್ಳಮಾವಾಸ್ಯೆಯಂದು ಭೂತಾಯಿಗೆ ಎಡೆಯ ಚರಗ ಚೆಲ್ಲದೆ ನಮ್ಮಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಕೈ ತಾನೇ ಎದ್ದಿತು. ಹೋಳಿಗೆ ಮುರಿದು ಎರಚಿ, ಅಪ್ಪ ಹೊಲದಲ್ಲಿ ಕೂಗುತ್ತಿದ್ದಂತೆ ಗಂಟಲು ಹರಿಯುವಂತೆ ಕೂಗಿಬಿಟ್ಟೆ: "ಹುಲ್ಲುಲ್ಲಿಗೋ... ಸಲಾಂಬ್ರಿಗೋ!"

ಇಡೀ ಕೆರೆ ಎದ್ದುಹೋಯಿತು. ತಲೆಯ ಮೇಲೆ ರೆಕ್ಕೆಯ ಸಪ್ಪಳ, ಆಮೇಲೆ ಖಾಲಿ ನೀರು.

ಕಾವಲುಗಾರ ಓಡಿ ಬಂದ. "ಹಿಂಗ ಒದರಿದ್ರ ಹೆಂಗ್ರೀ ಅಕ್ಕಾರ? ಇದೇನ ಹೊಲ ಏನ್ರಿ?"

"ತಪ್ಪಾತಪಾ," ಎಂದೆ. "ಮತ್ತ ಯಾವಾಗ ಬರ್ತಾವು?"

ಅವನ ಸಿಟ್ಟು ಇಳಿಯಿತು. "ಸಂಜಿಮಟ ಕುಂದರ್ರಿ. ಒಂದೀಟರ ಬರ್ತಾವು."

ಕೂರಬಹುದಿತ್ತು. ತಡವಾಗಿ ಇನ್ನೊಂದು ಗಾಡಿಯೂ ಇತ್ತು. ನಾಚಿಕೆಗೆ ಒಂದು ತಾಸು ಕೂತು ಎದ್ದುಬಂದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಗದಗಿನಲ್ಲಿ ಗಾಡಿ ಹತ್ತಿ ರೆಕಾರ್ಡಿಂಗನ್ನು ರಜಿಯಾಗೆ ಕಳಿಸಿದೆ. ಬಾದಾಮಿ ದಾಟುವಾಗ ಅವಳ ಫೋನು ಬಂತು. ನಕ್ಕು ನಕ್ಕು ಅವಳಿಗೆ ಕೆಮ್ಮೇ ಬಂದಿತ್ತು. "ಹಕ್ಕಿಗೂ ಚರಗ ಚೆಲ್ಲಿ ಬಂದೀಯಲ್ಲ! ಇರ್ಲಿ, ರೆಕ್ಕಿ ಸಪ್ಪಳ ಭಾಳ ಛಲೋ ಕೇಳಸ್ತು. ಪಟ್ಟಿ ಎಷ್ಟ ಅದಾವ, ಹೇಳು?"

ನೋಡಲಿಲ್ಲ ಎಂದರೆ ಮುಗಿಯುತ್ತಿತ್ತು.

"ಒಂದ," ಎಂದೆ.

"ಒಂದಽ? ಅಗಲಂದು?"

"ಹೂಂ. ಅಗಲಂದು."

"ಈಗ ನೋಡು, ಕಣ್ಣಾಗ ಬಂತು," ಎಂದಳು ರಜಿಯಾ. ಅಲ್ಲೇ ಸೊಸೆಯನ್ನು ಕರೆದು ಹೇಳುತ್ತಿದ್ದುದು ನನಗೂ ಕೇಳಿಸಿತು.

ಬಾಗಲಕೋಟೆಯಲ್ಲಿ ಇಳಿದು ಪ್ಲಾಟ್‌ಫಾರ್ಮಿನ ದೀಪದ ಕೆಳಗೆ ಆ ಫಲಕದ ಫೋಟೋ ತೆರೆದೆ. ಬಿಳಿ ತಲೆ. ಹಿಂದೆ ಒಂದರ ಕೆಳಗೊಂದು, ಎರಡು ಕರಿ ಪಟ್ಟಿ.

ಫೋನು ಕೈಯಲ್ಲೇ ಇತ್ತು. ನಾಳೆ ಹೇಳಿದರಾಯಿತು ಎಂದುಕೊಂಡು ಆಟೋ ಹತ್ತಿದೆ.